ಅಪ್‌ಡೇಟ್: ದೇವರ ಮುಂದೆ ಮಾತೇ ಬರ್ತಿಲ್ಲ ಅಂತ ಕೇಳಿದ್ದವಳು ನಾನು

ಮೂರು ತಿಂಗಳ ಹಿಂದೆ ನಿಮ್ಮನ್ನೆಲ್ಲ ಕೇಳಿದ್ದೆ, ನೆನಪಿದೆಯಾ? ಸ್ತನ ಕ್ಯಾನ್ಸರ್‌ಗೆ ಕೀಮೋ ಶುರುವಾದ ಮೇಲೆ ದೇವರ ಮುಂದೆ ಕೂತರೆ ಒಂದು ಮಾತೂ ಹೊರಡುತ್ತಿಲ್ಲ, ರಾಯರು ನನ್ನ ಕೈಬಿಟ್ಟರಾ ಅಂತ. ಉತ್ತರ ಕೊಟ್ಟ ಎಲ್ಲರಿಗೂ ನಮಸ್ಕಾರ.

21 ದಿನಕ್ಕೊಂದರಂತೆ ನಾಲ್ಕು ಕೀಮೋ ಮುಗಿದಿವೆ. ಬಿಳಿ ರಕ್ತಕಣ ಕಡಿಮೆ ಇದೆ, ಜನ ಸೇರೋ ಕಡೆ ಹೋಗಬೇಡಿ, ಕುದಿಸದ ನೀರು ಕುಡಿಯಬೇಡಿ ಅಂದರು ಡಾಕ್ಟರು. ಅಂದರೆ ಗುರುವಾರದ ಮಠವೂ ಇಲ್ಲ, ತೀರ್ಥವೂ ಇಲ್ಲ. ಕೂದಲು ಹೋಗಿದ್ದಕ್ಕಿಂತ ಅದೇ ಜಾಸ್ತಿ ನೋವಾಯಿತು.

ಮಾತು ಬರದಿದ್ದರೆ ಸುಮ್ನೆ ಕೂತ್ಕೊಳ್ಳಿ, ಏನೂ ಕೇಳಬೇಡಿ ಅಂತ ನಿಮ್ಮಲ್ಲೊಬ್ಬರು ಹೇಳಿದ್ದಿರಿ. ಹಾಗೇ ಮಾಡಿದೆ.

ಮೂರನೇ ಕೀಮೋ ಆಗಿ ಏಳನೇ ರಾತ್ರಿ. ಬಾಯೆಲ್ಲ ಹುಣ್ಣು, ಗುಟುಕು ನೀರೂ ಇಳಿಯುತ್ತಿರಲಿಲ್ಲ. ಅಮ್ಮ ಮಂತ್ರಾಲಯದ ಮೃತ್ತಿಕೆ ಪೊಟ್ಟಣವನ್ನು ದಿಂಬಿನ ಪಕ್ಕ ಇಟ್ಟು, ನನ್ನ ಬೋಳು ತಲೆ ನೇವರಿಸುತ್ತಾ ಕೂತಿದ್ದಳು. ಪೊಟ್ಟಣ ಮುಷ್ಟಿಯಲ್ಲಿ ಹಿಡಿದುಕೊಂಡೆ, ಬೆವರಿಗೆ ಕಾಗದ ಮೆತ್ತಗಾಯಿತು, ಒಳಗಿನ ಮಣ್ಣಿನ ಹರಳು ಬೆರಳಿಗೆ ಸಿಗುತ್ತಿತ್ತು. ಏನೂ ಬೇಡಿಕೊಳ್ಳಲಿಲ್ಲ. ಆದರೆ ಕೋಣೆಯಲ್ಲಿ ನಾವಿಬ್ಬರೇ ಇಲ್ಲ ಅನ್ನೋದು ಅಷ್ಟು ಸ್ಪಷ್ಟವಾಗಿತ್ತು. 1671ರಲ್ಲಿ ಬೃಂದಾವನ ಸೇರಿದ ರಾಯರು ಈಗಲೂ ಅಲ್ಲಿದ್ದಾರೆ ಅಂತ ಚಿಕ್ಕಂದಿನಿಂದ ಕೇಳುತ್ತಲೇ ಬಂದವಳು ನಾನು, ನನ್ನ ಮಂಚದ ಪಕ್ಕವೂ ಇದ್ದಾರೆ ಅಂತ ಅವತ್ತೇ ಗೊತ್ತಾಗಿದ್ದು.

ಭಯ ಪೂರ್ತಿ ಹೋಗಿಲ್ಲ. ರಾತ್ರಿ ನಿದ್ದೆ ಬರುತ್ತಿದೆ. ಮುಂದಿನ ತಿಂಗಳು ಸ್ಕ್ಯಾನ್ ಇದೆ, ಪೊಟ್ಟಣ ಆಗಲೇ ಆಸ್ಪತ್ರೆ ಚೀಲದಲ್ಲಿ ಇಟ್ಟಿದ್ದೀನಿ.