ಹಂಪಿಗೆ ಹೊರಡುವ ಮೊದಲು: ಮನೆಯ ಗುಂಪಿನಲ್ಲಿ ಊಟ-ವಸತಿಯ ಚರ್ಚೆ

ಚಿಕ್ಕಪ್ಪ (ರೆಸಾರ್ಟಿನ ಜಾಹೀರಾತನ್ನು ಹಂಚಿಕೊಂಡು): ಎಲ್ಲರೂ ಇದನ್ನು ನೋಡಿ. ಆನೆಗೊಂದಿ ಕಡೆಯ ರೆಸಾರ್ಟು. ಬೆಳಗಿನ ತಿಂಡಿ, ರಾತ್ರಿಯ ಊಟ ಸೇರಿ ಇಬ್ಬರ ಕೊಠಡಿಗೆ ದಿನಕ್ಕೆ 4,500 ರೂಪಾಯಿ. ಡಿಸೆಂಬರ್ ರಜೆಯಲ್ಲಿ ಈ ದರ ಮತ್ತೆ ಸಿಗಲಾರದು. ನಾಳೆಯೇ ಮುಂಗಡ ಕಳುಹಿಸಲೇ?

ನಾನು: ಚಿಕ್ಕಪ್ಪ, ಮುಂಗಡಕ್ಕೆ ಮೊದಲು ಒಮ್ಮೆ ಲೆಕ್ಕ ಹಾಕೋಣ. ಮೂರು ಕೊಠಡಿಗೆ ಎರಡು ರಾತ್ರಿಗೆ 27,000. ಜಾಹೀರಾತಿನ ಕೆಳಗೆ ಸಣ್ಣ ಅಕ್ಷರದಲ್ಲಿರುವಂತೆ ಮಕ್ಕಳಿಗೆ ದಿನಕ್ಕೆ ತಲಾ 800ರಂತೆ ಇನ್ನೂ 3,200. ಇದರ ಮೇಲೆ ಶೇ. 5 ಜಿಎಸ್‌ಟಿ ಸೇರಿದರೆ 31,710 ಆಗುತ್ತದೆ. ರೈಲಿನ ಟಿಕೆಟ್ ಬಿಟ್ಟು ಉಳಿದೆಲ್ಲಕ್ಕೂ ನಾವು ಒಪ್ಪಿಕೊಂಡದ್ದು 40,000. ಮಿಕ್ಕ 8,290 ರೂಪಾಯಿಯಲ್ಲಿ ಮಧ್ಯಾಹ್ನದ ಊಟ, ಗಾಡಿ, ತೆಪ್ಪ ಎಲ್ಲವೂ ಮುಗಿಯಬೇಕು. ಹೊಸಪೇಟೆಯ ಬಸ್ ನಿಲ್ದಾಣದ ಬಳಿ 1,800ಕ್ಕೆ ಕೊಠಡಿ ಇದೆ, ಇಪ್ಪತ್ನಾಲ್ಕು ಗಂಟೆಯ ಲೆಕ್ಕ. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬೆಳಿಗ್ಗೆ ಇಳಿದ ಕೂಡಲೇ ಸ್ನಾನಕ್ಕೆ ಕೊಠಡಿ ಸಿಗುತ್ತದೆ; ರೆಸಾರ್ಟಿನಲ್ಲಿ ಮಧ್ಯಾಹ್ನ ಒಂದು ಗಂಟೆಯವರೆಗೆ ಕಾಯಬೇಕು. ಶಕ್ತಿ ಯೋಜನೆ ಇರುವುದರಿಂದ ಹಂಪಿಯ ಸಾಮಾನ್ಯ ಬಸ್ಸಿನಲ್ಲಿ ಮನೆಯ ಹೆಂಗಸರಿಗೆ ಟಿಕೆಟ್ ಖರ್ಚೂ ಇಲ್ಲ.

ಚಿಕ್ಕಪ್ಪ: ಹಣ ಉಳಿಸುವುದಕ್ಕೆಂದೇ ಪ್ರವಾಸ ಹೋಗುವುದಾದರೆ ಮನೆಯಲ್ಲಿಯೇ ಇರಬಹುದು. ದಿನವಿಡೀ ಬಿಸಿಲಿನಲ್ಲಿ ತಿರುಗಿ ಬಂದು, ಹಸಿದ ಮಕ್ಕಳನ್ನು ಕಟ್ಟಿಕೊಂಡು ರಾತ್ರಿ ಹೋಟೆಲು ಹುಡುಕುವ ಕಷ್ಟ ನನಗೆ ಗೊತ್ತು. ವರ್ಷವಿಡೀ ಒಲೆಯ ಮುಂದೆ ನಿಲ್ಲುವ ನಿನ್ನ ಚಿಕ್ಕಮ್ಮ ಎರಡು ದಿನವಾದರೂ ‘ರಾತ್ರಿಗೆ ಏನು’ ಎಂಬ ಪ್ರಶ್ನೆಯಿಲ್ಲದೆ ಇರಲಿ ಎಂಬುದು ನನ್ನ ಆಸೆ.

ಅತ್ತಿಗೆ: ಮಾವನವರೇ, ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಹಂಪಿಯಲ್ಲಿ ಕಷ್ಟವಾಗುವುದು ರಾತ್ರಿಯ ಊಟವಲ್ಲ, ಮಧ್ಯಾಹ್ನದ್ದು. ಕಮಲ ಮಹಲು, ಆನೆ ಲಾಯ, ವಿಠ್ಠಲ ದೇವಸ್ಥಾನ ಎಂದು ಸುತ್ತುವಾಗ ಎಂಟು ಜನ ನೆರಳಿನಲ್ಲಿ ಕುಳಿತು ಉಣ್ಣುವ ಜಾಗ ಸುಲಭವಾಗಿ ಸಿಗುವುದಿಲ್ಲ. ಪ್ಯಾಕೇಜಿನಲ್ಲಿ ಇಲ್ಲದಿರುವುದು ಆ ಹೊತ್ತಿನ ಊಟವೇ. ರೆಸಾರ್ಟು ನದಿಯ ಆಚೆಗಿರುವುದರಿಂದ, ಬುಕ್ಕಸಾಗರದ ಸೇತುವೆ ಸುತ್ತಿಕೊಂಡು ಮಧ್ಯಾಹ್ನ ಅಲ್ಲಿಗೆ ಹೋಗಿಬರುವುದೂ ಆಗದ ಮಾತು. ಇನ್ನು ರಾತ್ರಿಯ ಊಟಕ್ಕೆ ನಾವು ದುಡ್ಡು ಕೊಡುವುದು ಯಾರ ಹೆಸರಿನಲ್ಲಿ? ಅಜ್ಜಿ ರಾತ್ರಿ ತೆಗೆದುಕೊಳ್ಳುವುದು ಒಂದು ಲೋಟ ಹಾಲು, ಒಂದು ಬಾಳೆಹಣ್ಣು. ಮಕ್ಕಳು ಮೊಸರನ್ನ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಹೊಸಪೇಟೆಯೂ ನನಗೆ ಒಪ್ಪಿಗೆಯಿಲ್ಲ. ಹದಿಮೂರು ಕಿಲೋಮೀಟರ್ ದೂರವನ್ನು ಬಸ್ಸಿನಲ್ಲಿ ಹತ್ತಿ ಇಳಿದು ಓಡಾಡಲು ಅಜ್ಜಿಯ ಮೊಣಕಾಲು ಬಿಡದು. ಉಚಿತ ಟಿಕೆಟ್ ಅವರಿಗೆ ಉಪಯೋಗಕ್ಕೆ ಬರುವುದಿಲ್ಲ.

ಅತ್ತಿಗೆ (ಮುಂದುವರಿಸಿ): ನಾನು ಕಮಲಾಪುರದ ಒಂದು ವಸತಿಗೃಹಕ್ಕೆ ಫೋನ್ ಮಾಡಿದ್ದೆ. ತಿಂಡಿ ಸೇರಿ ಕೊಠಡಿಗೆ 2,600, ಮಕ್ಕಳಿಗೆ ಬೇರೆ ಹಣವಿಲ್ಲ. ಮೂರು ಕೊಠಡಿ, ಎರಡು ರಾತ್ರಿ, ತೆರಿಗೆ ಸೇರಿ 16,380. ಅರಮನೆಯ ಆವರಣ ಅಲ್ಲಿಂದ ಹತ್ತಿರ. ಬೆಳಿಗ್ಗೆ ಬೇಗ ಹೊರಟು, ಹನ್ನೆರಡೂವರೆಗೆ ಮರಳಿ ಊಟ ಮಾಡಿ, ಅಜ್ಜಿಯೂ ಮಕ್ಕಳೂ ಸ್ವಲ್ಪ ಮಲಗಿದ ಮೇಲೆ, ನಾಲ್ಕು ಗಂಟೆಗೆ ಹೇಮಕೂಟಕ್ಕೆ ಹೋಗಬಹುದು.

ನಾನು: ಅತ್ತಿಗೆಯ ಮಾತು ಸರಿಯಾಗಿದೆ. ನಾವಿಬ್ಬರೂ ಕೊಠಡಿಯ ದರವನ್ನೇ ಹಿಡಿದುಕೊಂಡು ವಾದಿಸುತ್ತಿದ್ದೆವು. ಯಾವ ಹೊತ್ತಿಗೆ ನಾವು ಎಲ್ಲಿರುತ್ತೇವೆ ಎಂಬುದನ್ನು ನೋಡಿ ವಸತಿ ಹಿಡಿದರೆ ಊಟದ ಖರ್ಚೂ ಗಾಡಿಯ ಖರ್ಚೂ ಒಟ್ಟಿಗೇ ಇಳಿಯುತ್ತವೆ. ರೆಸಾರ್ಟಿಗೂ ಕಮಲಾಪುರದ ವಸತಿಗೃಹಕ್ಕೂ ಇರುವ ವ್ಯತ್ಯಾಸ 15,330 ರೂಪಾಯಿ. ಆ ಹಣದಲ್ಲಿ ಎರಡು ದಿನವೂ ಗಾಡಿಯನ್ನು ನಮ್ಮ ಜೊತೆಗೇ ನಿಲ್ಲಿಸಿಕೊಳ್ಳಬಹುದು, ಎಂಟು ಜನರೂ ಹೊಟ್ಟೆ ತುಂಬ ಉಣ್ಣಬಹುದು. ವಿಠ್ಠಲ ದೇವಸ್ಥಾನಕ್ಕೆ ಗಾಡಿ ನಿಲ್ಲಿಸುವ ಜಾಗದಿಂದ ಬ್ಯಾಟರಿ ವಾಹನ ಇರುವುದರಿಂದ ಅಜ್ಜಿಗೆ ಅಲ್ಲಿ ನಡೆಯುವ ಕಷ್ಟವಿಲ್ಲ. ಪ್ರವೇಶದ ಟಿಕೆಟ್ ದೊಡ್ಡವರಿಗೆ 40 ರೂಪಾಯಿ. ಅದೇ ದಿನ ಕಮಲ ಮಹಲಿಗೂ ಅದೇ ನಡೆಯುತ್ತದೆ, ಹದಿನೈದರ ಒಳಗಿನ ಮಕ್ಕಳಿಗೆ ಬೇಕಿಲ್ಲ.

ಚಿಕ್ಕಪ್ಪ: ಮೊದಲ ದಿನ ಬೆಳಿಗ್ಗೆ ಕೊಠಡಿ ಕೊಡುತ್ತಾರೆಯೇ? ರಾತ್ರಿ ಅಲ್ಲಿಯೇ ಊಟ ಸಿಗುತ್ತದೆಯೇ? ಇವೆರಡಕ್ಕೂ ಉತ್ತರ ಬೇಕು.

ಅತ್ತಿಗೆ: ಒಂದು ಕೊಠಡಿಯನ್ನು ಎಂಟು ಗಂಟೆಗೆ ತೆರೆದುಕೊಡಲು ಒಪ್ಪಿದ್ದಾರೆ, ಸ್ನಾನಕ್ಕೆ ಅಷ್ಟು ಸಾಕು. ರಾತ್ರಿಗೆ ಸಂಜೆ ಐದರೊಳಗೆ ಹೇಳಿದರೆ ರೊಟ್ಟಿ, ಎಣ್ಣೆಗಾಯಿ, ಅನ್ನ, ಸಾರು ಮಾಡುತ್ತಾರಂತೆ. ಚಿಕ್ಕಮ್ಮನವರು ಏನನ್ನೂ ಯೋಚಿಸಬೇಕಾಗಿಲ್ಲ; ಐದು ಗಂಟೆಗೆ ಫೋನ್ ಮಾಡುವ ಕೆಲಸ ನನ್ನದು.

ಚಿಕ್ಕಪ್ಪ: ಹಾಗಾದರೆ ನನ್ನ ಒಪ್ಪಿಗೆ ಇದೆ. ಅಮ್ಮನ ಕೊಠಡಿ ನೆಲಮಹಡಿಯಲ್ಲಿಯೇ ಇರಬೇಕು, ಅದನ್ನು ಅವರಿಂದ ಬರವಣಿಗೆಯಲ್ಲಿ ತೆಗೆದುಕೊಂಡ ಮೇಲೆಯೇ ಹಣ ಕಳುಹಿಸಿ. ರೆಸಾರ್ಟಿನವರಿಗೆ ನಾನೇ ಫೋನ್ ಮಾಡಿ ಬೇಡವೆಂದು ತಿಳಿಸುತ್ತೇನೆ.