ಚೆನ್ನಭೈರಾದೇವಿ ಸ್ಟಾಂಪು ಶಿವಮೊಗ್ಗ ಕಡೆ ಎಲ್ಲಿ ಸಿಗತ್ತೆ?

ಸಾಗರದ ಟೀಚರ್:
ಎಲ್ರಿಗೂ ನಮಸ್ಕಾರ. ಸಾಗರ ಹತ್ರದ ಹೈಸ್ಕೂಲಲ್ಲಿ ಸಮಾಜ ಪಾಠ ಮಾಡ್ತೀನಿ. ಮಕ್ಕಳು ರಾಣಿಯರ ಸ್ಟಾಂಪ್ ಸೇರ್ಸಿ ಒಂದು ಬೋರ್ಡ್ ಮಾಡ್ತಿದಾರೆ, ಕಿತ್ತೂರು ಚೆನ್ನಮ್ಮಂದು 1977ರದ್ದು ಸಿಕ್ಕಿದೆ, ಆದ್ರೆ 2025ರಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವ್ರು ಬಿಡುಗಡೆ ಮಾಡಿದ್ರಲ್ಲ ಗೇರುಸೊಪ್ಪೆ ರಾಣಿ ಚೆನ್ನಭೈರಾದೇವಿ ಸ್ಟಾಂಪು, ಅದೊಂದು ಬೇಕಿತ್ತು. ಇನ್ನೊಂದು ವಿಷ್ಯ, ಆಕೆನ ಸೋಲಿಸಿ ಸೆರೆಗೆ ಹಾಕಿದ್ದು ನಮ್ಮ ಕೆಳದಿ ವೆಂಕಟಪ್ಪ ನಾಯಕನೇ. ಅದನ್ನ ಬೋರ್ಡಲ್ಲಿ ಬರೆಸ್ಬೇಕಾ ಬೇಡ್ವಾ ಅಂತ ಸ್ಟಾಫ್ ರೂಮಲ್ಲಿ ಎರಡು ಪಾರ್ಟಿ ಆಗಿದೆ.

ಅಂಚೆ ಪ್ರೇಮಿ:
ಮೇಡಂ, ಸ್ಮರಣಾರ್ಥ ಸ್ಟಾಂಪು ಮಾಮೂಲಿ ಸ್ಟಾಂಪ್ ತರ ಮತ್ತೆ ಮತ್ತೆ ಅಚ್ಚು ಹಾಕಲ್ಲ, ಒಂದ್ಸಲ ಇಂತಿಷ್ಟು ಅಂತ ಹಾಕಿ ಮುಗಿಸ್ತಾರೆ, ಹಂಗಾಗಿ ಹಳ್ಳಿ ಪೋಸ್ಟಾಫೀಸಲ್ಲಿ ಹುಡುಕಿ ಪ್ರಯೋಜನ ಇಲ್ಲ. ಶಿವಮೊಗ್ಗ ಹೆಡ್ ಪೋಸ್ಟಾಫೀಸಲ್ಲಿ ಮೊದ್ಲು ವಿಚಾರ್ಸಿ, ಇಲ್ಲಾಂದ್ರೆ ಬೆಂಗಳೂರು ಜಿಪಿಓ, ಅಂದ್ರೆ ಪ್ರಧಾನ ಅಂಚೆ ಕಚೇರಿಯ ಫಿಲಾಟೆಲಿ ಬ್ಯೂರೋ, ಸ್ಟಾಂಪ್ ಸಂಗ್ರಹ ಮಾಡೋರಿಗೆ ಅಂತ್ಲೇ ಇರೋ ವಿಭಾಗ. 200 ರೂಪಾಯಿ ಕಟ್ಟಿ ಸ್ಕೂಲ್ ಹೆಸರಲ್ಲಿ ಫಿಲಾಟೆಲಿ ಡೆಪಾಸಿಟ್ ಅಕೌಂಟ್ ಮಾಡ್ಸಿಬಿಡಿ, ಮುಂದೆ ಬರೋ ಸ್ಟಾಂಪು ಅವ್ರೇ ಕಳಿಸ್ತಾರೆ. ಸಿಕ್ಕಿದ್ರೆ ಪ್ರಥಮ ದಿನದ ಲಕೋಟೆ (ಬಿಡುಗಡೆ ದಿನದ ಮುದ್ರೆ ಇರೋ ಕವರ್), ಸ್ಟಾಂಪ್ ಬಗ್ಗೆ ಮಾಹಿತಿ ಇರೋ ಬ್ರೋಷರ್ ಎರಡೂ ತಗೊಳ್ಳಿ, ಮಕ್ಕಳಿಗೆ ಓದಕ್ಕೆ ಬ್ರೋಷರೇ ಮುಖ್ಯ.

ದಯವಿಟ್ಟು ಫೆವಿಕಾಲ್ ಹಾಕಿ ಅಂಟಿಸ್ಬೇಡಿ, ಲ್ಯಾಮಿನೇಷನ್ನೂ ಬೇಡ. ನಮ್ಮ ಮಳೆಗಾಲದ ಥಂಡಿಗೆ ಹಿಂದಿನ ಗೋಂದು ತಾನಾಗೇ ಇಳಿದು ಆಲ್ಬಂ ಹಾಳೆಗೆ ಕಚ್ಕೊಳತ್ತೆ, ಆಮೇಲೆ ಕಂದು ಚುಕ್ಕಿ ಬರತ್ತೆ, ಒಮ್ಮೆ ಬಂದ್ರೆ ಹೋಗಲ್ಲ. ಪ್ಲಾಸ್ಟಿಕ್ ಮೌಂಟಲ್ಲಿ (ಸ್ಟಾಂಪ್ ಇಡೋ ಪಾರದರ್ಶಕ ಕವಚ) ಹಾಕಿ, ಕೈಯಲ್ಲಿ ಮುಟ್ದೆ ಚಿಮಟದಲ್ಲಿ ಹಿಡೀರಿ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಪ್ಯಾಕೆಟ್ ಇಡಿ.

ತೀರ್ಥಹಳ್ಳಿ ಹುಡ್ಗ:
ಶಿವಾಜಿ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟೋರು ಈ ಚೆನ್ನಭೈರಾದೇವಿನೇ ಅಲ್ದಾ?

ಶರಾವತಿ ಕಡೆಯವ:
ಅಲ್ಲ ಮಾರಾಯ, ಅದು ಕೆಳದಿ ಚೆನ್ನಮ್ಮಾಜಿ, 1689ರ ಮಾತು, ಔರಂಗಜೇಬನ ಸೈನ್ಯನ ಎದುರು ಹಾಕ್ಕೊಂಡೋರು. ಚೆನ್ನಭೈರಾದೇವಿ ಅವ್ರಿಗಿಂತ ಎಷ್ಟೋ ಮುಂಚೆ, 1552ರಿಂದ 1606ರವರೆಗೆ 54 ವರ್ಷ ಆಳಿದ ಜೈನ ರಾಣಿ. ಘಟ್ಟದ ಮೆಣಸು ಕೆಳಗಿಳಿದು ಹಡಗು ಹತ್ತೋ ಜಾಗ ಆಕೆ ಕೈಯಲ್ಲಿತ್ತು, ಅಘನಾಶಿನಿ ದಡದ ಮಿರ್ಜಾನ್ ಕೋಟೆನೂ ಆಕೆದೇ, ಪೋರ್ಚುಗೀಸರು ಮೆಣಸಿನ ರಾಣಿ ಅಂದಿದ್ದು ಸುಮ್ನೆ ಅಲ್ಲ.

ಟೀಚರ್, ಖಂಡಿತ ಬರೆಸಿ. ವೆಂಕಟಪ್ಪ ನಾಯಕ ದೊಡ್ಡ ರಾಜನೇ, ಅದ್ರಲ್ಲಿ ಎರಡು ಮಾತಿಲ್ಲ, ಆದ್ರೆ ಆಕೆ ಕೊನೆ ದಿನ ಕಳೆದಿದ್ದು ಇಕ್ಕೇರಿ ಸೆರೆಯಲ್ಲಿ, ನಿಮ್ಮ ಮಕ್ಕಳು ಅಘೋರೇಶ್ವರ ದೇವಸ್ಥಾನಕ್ಕೆ ಪಿಕ್ನಿಕ್ ಹೋಗೋ ಊರದು. ಇದನ್ನ ನಾವು ಹೇಳ್ದೆ ಇನ್ಯಾರು ಹೇಳ್ಬೇಕು? ಸೋತೋರ ಹೆಸ್ರು ಗೆದ್ದೋರ ಊರಲ್ಲಿ ಅಳಿಸಿ ಹೋಗೋದು ನಂಗೆ ಬೇಜಾರಿನ ವಿಷ್ಯ. ಕಾನೂರು ಕೋಟೆ ನೋಡಿ, ಆಕೆದೇ ಕೋಟೆ, ನಮ್ಮ ಸಾಗರ ತಾಲ್ಲೂಕಲ್ಲೇ ಇದೆ, ಗೋಡೆ ಮೇಲೆಲ್ಲ ಮರ ಬೇರು ಬಿಟ್ಕೊಂಡು ನಿಂತಿವೆ, ಎಷ್ಟು ಜನಕ್ಕೆ ಗೊತ್ತು?

ಹೊಸನಗರ ಅಕ್ಕ:
ಬರೆಸಿ ಸರಿ, ಆದ್ರೆ ಕೆಳದಿಯೋರು ಖಳನಾಯಕರು ಅನ್ನೋ ತರ ಆಗ್ಬಾರ್ದು. ಆಗ ಮೆಣಸಿನ ದಾರಿಗೋಸ್ಕರ ಎಲ್ರೂ ಹೊಡೆದಾಡ್ತಿದ್ರು. ಪಕ್ಕದಲ್ಲೇ ಚೆನ್ನಮ್ಮಾಜಿ ಚಿತ್ರ ಹಾಕ್ಸಿ, ಇಬ್ರೂ ನಮ್ಮೋರೇ.

ಸಾಗರದ ಟೀಚರ್:
ತುಂಬಾ ಥ್ಯಾಂಕ್ಸ್. ಅಕ್ಕ ಹೇಳಿದ್ದು ಸರಿ ಅನ್ಸ್ತು, ಇಬ್ರನ್ನೂ ಹಾಕ್ಸಿ ಕೆಳಗೆ ಗೇರುಸೊಪ್ಪೆ, ಮಿರ್ಜಾನ್, ಕಾನೂರು, ಇಕ್ಕೇರಿ ಗುರ್ತು ಮಾಡಿದ ಮ್ಯಾಪ್ ಬರೆಸ್ತೀನಿ. ಸೆರೆ ವಿಷ್ಯನೂ ಇರತ್ತೆ. ಕಾನೂರಿಗೆ ಮಕ್ಕಳನ್ನ ಕರ್ಕೊಂಡು ಹೋಗಕ್ಕೆ ಫಾರೆಸ್ಟ್ ಪರ್ಮಿಷನ್ ಯಾರ ಹತ್ರ ಕೇಳ್ಬೇಕು?

ಶರಾವತಿ ಕಡೆಯವ:
ಅಭಯಾರಣ್ಯ ಅದು, ಕಾರ್ಗಲ್ ಕಡೆ ವನ್ಯಜೀವಿ ವಿಭಾಗದ ಆಫೀಸಲ್ಲಿ ಸ್ಕೂಲ್ ಲೆಟರ್‌ಹೆಡ್ಡಲ್ಲಿ ಅರ್ಜಿ ಕೊಡಿ. ಮಳೆ ನಿಂತ ಮೇಲೆ ಹೋಗಿ, ಈಗ ಉಂಬಳ (ಜಿಗಣೆ) ಬಿಡಲ್ಲ.