ಸಹಾಯ ಬೇಕು: 'ಯು' ಇಲ್ಲದ 'ಕ್ಯೂ' ಪದಗಳು

ಇಂಗ್ಲಿಷ್ ಅಕ್ಷರಗಳ ಬಿಲ್ಲೆ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಡುವಾಗ 10 ಅಂಕದ 'ಕ್ಯೂ' (Q) ಬಿಲ್ಲೆ ಕೈಗೆ ಬಂದರೆ, ಅದರ ಹಿಂದೆ ಸಾಮಾನ್ಯವಾಗಿ ಬರುವ 'ಯು' (U) ನಾಪತ್ತೆ. ಕೊನೆವರೆಗೂ ಅದು ಸುಮ್ನೆ ಕೂತಿರುತ್ತದೆ. ನಿಘಂಟು ತಿರುವಿ ಒಂದಷ್ಟು ಪದ ಹೆಕ್ಕಿದ್ದೇನೆ. ಕ್ಯೂ-ಐ ಅಂದರೆ ಚೀನಿಯರು ಹೇಳುವ ಪ್ರಾಣಶಕ್ತಿ, ಎರಡೇ ಅಕ್ಷರ, ತುಂಬಾ ಉಪಕಾರಿ. ಕನಾತ್ (qanat) ಅಂದರೆ ಇರಾನಿನ ನೆಲದಡಿಯ ನೀರಿನ ಕಾಲುವೆ. ನಿಖಾಬ್ (niqab) ಮುಖ ಮುಚ್ಚುವ ಬಟ್ಟೆ. ಉಮಿಯಾಕ್ (umiaq) ಉತ್ತರ ಧ್ರುವ ಪ್ರದೇಶದ ಇನುಯಿಟ್ ಜನರ ಚರ್ಮದ ದೋಣಿ; ಇದರಲ್ಲಿ 'ಯು' ಇದೆ, ಆದರೆ 'ಕ್ಯೂ' ಆದಮೇಲೆ ಅಲ್ಲ.

ಗೊಂದಲ ಇರುವುದು ಕಾಗುಣಿತದಲ್ಲಿ. ಫಕೀರ್ ಪದವನ್ನು 'ಕೆ' ಹಾಕಿಯೂ ಬರೆಯುತ್ತಾರೆ, 'ಕ್ಯೂ' ಹಾಕಿಯೂ ಬರೆಯುತ್ತಾರೆ. ಅರ್ಥ ಒಂದೇ ಅಲ್ವಾ? ಇರಾಕ್ ಅಂತೂ ದೇಶದ ಹೆಸರು, ನಡೆಯುವುದಿಲ್ಲ.

ಹೀಗೆ ಎರಡೂ ರೀತಿ ಬರೆಯುವ ಪದಗಳು ಇನ್ನು ಯಾವುವು? ಉಮಿಯಾಕ್ ತರಹ 'ಕ್ಯೂ' ಕೊನೆಯಲ್ಲಿ ಬರುವ ಐದಕ್ಷರದ ಪದಗಳನ್ನು ಅರ್ಥದ ಜೊತೆ ತಿಳಿಸುತ್ತೀರಾ?